ತೆರೆಯದ ಬಾಗಿಲು, ಬೀಳದ ಹಾಜರಿ

ಬಳೇಪೇಟೆಯ ನಮ್ಮ ಹಳೆಯ ಮನೆಯ ಕೆಳಗೆ ಎರಡು ಅಂಗಡಿಗಳಿವೆ. ಒಂದು ಬಳೆಯದು, ಇನ್ನೊಂದು ಹಾರ್ಮೋನಿಯಂ, ತಬಲಗಳದು. ಬೆಳಿಗ್ಗೆ ಹತ್ತರ ಸುಮಾರಿಗೆ ಅವುಗಳ ಷಟರು ಮೇಲೇರುವ ಸದ್ದು ಕೇಳಿತೆಂದರೆ ಬೀದಿಯ ದಿನ ಆರಂಭವಾಯಿತೆಂದು ಅರ್ಥ. ಮೊದಲ ಮಹಡಿಯಲ್ಲಿರುವ ನನ್ನ ತಮ್ಮನ ಮಗಳ ದಿನ ಅದಕ್ಕೂ ಒಂದು ಗಂಟೆ ಮೊದಲೇ ಆರಂಭವಾಗುತ್ತದೆ. ಊಟದ ಮೇಜಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಹೊರವರ್ತುಲ ರಸ್ತೆಯಲ್ಲಿರುವ ತನ್ನ ಕಚೇರಿಯ ಲೆಕ್ಕಪತ್ರಗಳ ಕೆಲಸವನ್ನು ಅವಳು ಇಲ್ಲಿಂದಲೇ ಮಾಡುತ್ತಾಳೆ. ಕೆಲವು ತಿಂಗಳ ಹಿಂದೆ ಹನ್ನೊಂದು ದಿನಗಳ ಕಾಲ ಅವಳ ಕಚೇರಿಯ ಷಟರು ಮಾತ್ರ ಸರಿಯಾಗಿ ಮೇಲೇಳಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಅವಳಿಗೆ ಮೂರು ಅರ್ಧ ದಿನಗಳ ಸಂಬಳ ಕಡಿತವಾಯಿತು. ಹಣ ದೊಡ್ಡದಲ್ಲ. ಆದರೆ ಅದರ ಜೊತೆಗೆ ಬಂದ ಒಂದು ಸಾಲಿನ ಎಚ್ಚರಿಕೆ ಸಣ್ಣದಾಗಿರಲಿಲ್ಲ: ‘ಸಂಪರ್ಕ ಹೀಗೆಯೇ ಇದ್ದರೆ ಮನೆಯಿಂದ ಕೆಲಸ ಮಾಡುವ ಅನುಮತಿಯನ್ನು ಮರುಪರಿಶೀಲಿಸಬೇಕಾಗುತ್ತದೆ.’

ನನ್ನ ತಮ್ಮನಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗಬೇಕು. ಬೆಳಗಿನ ಜಾವ ಕರೆದೊಯ್ದು, ಒಂಬತ್ತರೊಳಗೆ ಮರಳಿ ತಂದು ಮಲಗಿಸುವವಳು ಅವಳೇ. ದಿನಕ್ಕೆ ಮೂರು ತಾಸು ಬಸ್ಸು, ಮೆಟ್ರೋಗಳಲ್ಲಿ ಕಳೆದು ಹೋಗಿ ಬರುವ ನೌಕರಿಯಾದರೆ ಒಂದೋ ಅದನ್ನು ಬಿಡಬೇಕು, ಇಲ್ಲವೇ ತಂದೆಯನ್ನು ಬೇರೆಯವರ ಕೈಗೆ ಒಪ್ಪಿಸಬೇಕು. ಹೀಗೆ ಒಂದು ಕುಟುಂಬದ ವ್ಯವಸ್ಥೆಯೆಲ್ಲ ವಿಪಿಎನ್ ಎಂಬ ಮೂರಕ್ಷರದ ಮೇಲೆ ನಿಂತಿತ್ತು. ಅಲ್ಲಿಯವರೆಗೆ ನಾನು ಆ ಮೂರಕ್ಷರಕ್ಕೆ ಹೆಚ್ಚಿನ ಗಮನ ಕೊಟ್ಟವನಲ್ಲ.

ವಿಪಿಎನ್ ಎಂದರೆ ಸಾರ್ವಜನಿಕ ರಸ್ತೆಯಲ್ಲಿ ಸಾಗುವ ಖಾಸಗಿ ಟಪಾಲು. ಮನೆಯ ಕಂಪ್ಯೂಟರಿನಿಂದ ಕಚೇರಿಗೆ ಹೋಗುವ ಪ್ರತಿಯೊಂದು ಕಾಗದವನ್ನೂ ಒಂದು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಹಾಕಿ, ಅದನ್ನು ಮತ್ತೊಂದು ಹೊರ ಲಕೋಟೆಯಲ್ಲಿಟ್ಟು ಅಂತರಜಾಲಕ್ಕೆ ಬಿಡಲಾಗುತ್ತದೆ. ಹಾದಿಯಲ್ಲಿರುವವರಿಗೆ ಕಾಣುವುದು ಹೊರಗಿನ ವಿಳಾಸ ಮಾತ್ರ. ಕಚೇರಿಯ ಹೆಬ್ಬಾಗಿಲಿನಲ್ಲಿ ಮುದ್ರೆ ಒಡೆದು, ಒಳಗಿನದನ್ನು ಸಂಬಂಧಪಟ್ಟ ಮೇಜಿಗೆ ಕಳುಹಿಸುತ್ತಾರೆ. ಕಚೇರಿಯಿಂದ ಬರುವುದಕ್ಕೂ ಇದೇ ಕ್ರಮ.

ಈ ಊರಿಗೆ ದೂರದ ಕಚೇರಿ ಹೊಸದೇನಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಮೆರಿಕದೊಡನೆ ಸಂಪರ್ಕಕ್ಕಾಗಿ ತನ್ನದೇ ಉಪಗ್ರಹ ಸಾಧನವನ್ನು ಸ್ಥಾಪಿಸಿಕೊಂಡಿತು. ಆ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಊರಿಗೆಲ್ಲ ತಿಳಿದದ್ದೇ. ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು ಹತ್ತು ವರ್ಷಗಳ ನಂತರ, 1995ರ ಆಗಸ್ಟ್ 15ರಂದು. ನಮ್ಮ ರಾಜ್ಯ ಸರ್ಕಾರವೂ ಹಿಂದೆ ಬೀಳಲಿಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಪಹಣಿಗಳನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ತಂದಿತು, ‘ಖಜಾನೆ’ ಯೋಜನೆ ರಾಜ್ಯದ ಖಜಾನೆಗಳನ್ನು ಒಂದಕ್ಕೊಂದು ಜೋಡಿಸಿತು. ನಾನು ಸೇವೆಯಲ್ಲಿದ್ದಾಗ ಈ ವ್ಯವಸ್ಥೆಗಳ ಕೆಡುಕು ಒಳಿತುಗಳೆರಡನ್ನೂ ಹತ್ತಿರದಿಂದ ಕಂಡವನು. ಸಂಪರ್ಕ ಕಡಿದರೆ ಇಡೀ ಕಚೇರಿಗೇ ಕಡಿಯುತ್ತಿತ್ತು. ಬಿಲ್ಲು ಪಾಸಾಗದೆ ಜನ ಬೈಯುತ್ತಿದ್ದರು, ನಾವು ಮೇಲಿನವರಿಗೆ ಫೋನು ಮಾಡುತ್ತಿದ್ದೆವು. ಆದರೆ ‘ನಿನ್ನ ಮೇಜಿಗೆ ಸಂಪರ್ಕವಿರಲಿಲ್ಲ, ಆದ್ದರಿಂದ ನೀನು ಗೈರುಹಾಜರು’ ಎಂದು ಯಾವ ಗುಮಾಸ್ತನ ಸಂಬಳವನ್ನೂ ಕಡಿದದ್ದು ನನಗೆ ನೆನಪಿಲ್ಲ. ಏಕೆಂದರೆ ತಂತಿಯೂ ಕಚೇರಿಯದೇ, ಯಂತ್ರವೂ ಕಚೇರಿಯದೇ, ಕೆಟ್ಟಿದ್ದು ಯಾರದೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈಗಿನ ಹಾದಿಗೆ ಒಡೆಯರು ಕನಿಷ್ಠ ಮೂವರು. ಮೇಜು, ವಿದ್ಯುತ್ತು, ರೂಟರು ಮನೆಯವರದು. ನಡುವಿನ ತಂತಿ ಬ್ರಾಡ್‌ಬ್ಯಾಂಡ್ ಕಂಪನಿಯದು. ಆಚೆಯ ಹೆಬ್ಬಾಗಿಲು ಕಚೇರಿಯದು. ಮೂವರೂ ತಮ್ಮ ತಮ್ಮ ಭಾಗ ಸರಿಯಾಗಿದೆಯೆಂದು ಪ್ರಾಮಾಣಿಕವಾಗಿಯೇ ಹೇಳಬಹುದು, ಮತ್ತು ಕೆಲಸ ಮಾತ್ರ ನಡೆಯದೆ ಇರಬಹುದು. ನಮ್ಮ ಮನೆಯಲ್ಲಿ ನಡೆದದ್ದು ಅದೇ.

ಮೊದಲ ದಿನ ಕಚೇರಿಯ ಹೆಲ್ಪ್‌ಡೆಸ್ಕಿನಿಂದ ಬಂದ ಉಪದೇಶ ಲೋಕಪ್ರಸಿದ್ಧವಾದದ್ದು: ರೂಟರನ್ನು ಆರಿಸಿ, ಮತ್ತೆ ಹಚ್ಚಿ. ಹಾಗೆಯೇ ಮಾಡಿದಳು. ಎರಡನೆಯ ದಿನ ವಿಪಿಎನ್ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿಸಿದರು. ಮೂರನೆಯ ದಿನ ಪಾಸ್‌ವರ್ಡ್ ಬದಲಿಸಿದರು. ನಾಲ್ಕನೆಯ ದಿನ ‘ನಿಮ್ಮ ಬ್ರಾಡ್‌ಬ್ಯಾಂಡಿನ ತೊಂದರೆ’ ಎಂದು ಷರಾ ಬರೆದು ದೂರನ್ನು ಮುಕ್ತಾಯಗೊಳಿಸಿದರು. ಬ್ರಾಡ್‌ಬ್ಯಾಂಡ್ ಕಂಪನಿಯ ಹುಡುಗ ಬಂದು ತನ್ನ ಮೊಬೈಲಿನಲ್ಲಿ ವೇಗ ಅಳೆದು ತೋರಿಸಿ, ‘ಎಲ್ಲ ಸೈಟೂ ಓಪನ್ ಆಗ್ತಾ ಇದೆಯಲ್ಲ ಮೇಡಂ, ಲೈನು ಚೆನ್ನಾಗಿದೆ’ ಎಂದು ಹೇಳಿ ಹೋದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಸಂಜೆ ನಾನು ಅವಳಿಗೊಂದು ನೋಟ್ ಪುಸ್ತಕ ಕೊಟ್ಟೆ. ದಿನಾಂಕ, ಗಂಟೆ, ಏನು ಮಾಡಿದೆ, ಏನಾಯಿತು, ಈ ನಾಲ್ಕು ಕಾಲಮು ಎಳೆದು ಬರೆಯುತ್ತಾ ಹೋಗು ಎಂದೆ. ‘ದೊಡ್ಡಪ್ಪ, ಇದು ಆಡಿಟ್ ಅಲ್ಲ’ ಎಂದು ನಕ್ಕಳು. ಆದರೂ ಬರೆದಳು. ತಾಂತ್ರಿಕ ಜ್ಞಾನ ನನಗೆ ಅಷ್ಟಾಗಿ ಇಲ್ಲ. ಆದರೆ ಕಳೆದುಹೋದ ಕಡತವನ್ನು ಹುಡುಕುವ ಕ್ರಮ ಗೊತ್ತು: ಕೊನೆಯದಾಗಿ ಎಲ್ಲಿ ಕಂಡಿತು, ಅಲ್ಲಿಂದ ಮುಂದಿನ ಮೇಜಿಗೆ ಹೋಯಿತೇ, ಎಲ್ಲಿ ನಿಂತಿತು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು, ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು.

ಮನೆಗೆ ಅಂತರಜಾಲ ಬರುತ್ತಿದೆಯೇ? ಬರುತ್ತಿದೆ. ಕಚೇರಿಯ ಹೆಬ್ಬಾಗಿಲು ಕಾಣುತ್ತಿದೆಯೇ? ಕಾಣುತ್ತಿದೆ. ಅದು ಇವಳ ಗುರುತು ಹಿಡಿಯುತ್ತಿದೆಯೇ? ಹಿಡಿಯುತ್ತಿದೆ. ಹಿಂದೊಮ್ಮೆ ತೊಂದರೆ ಬಂದದ್ದು ಈ ಹಂತದಲ್ಲೇ. ಲ್ಯಾಪ್‌ಟಾಪಿನ ಗಡಿಯಾರ ಹಲವು ನಿಮಿಷ ಹಿಂದೆ ಬಿದ್ದಿತ್ತು. ಗುರುತಿನ ಆರಂಕಿಯ ಸಂಕೇತ ಸಾಮಾನ್ಯವಾಗಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವುದರಿಂದ, ಇವಳು ಕೊಟ್ಟ ಸರಿಯಾದ ಸಂಕೇತವೂ ಹೆಬ್ಬಾಗಿಲಿನ ಪಾಲಿಗೆ ಹಳಸಿದ್ದಾಗಿತ್ತು. ಗಡಿಯಾರ ಅಷ್ಟು ಮುಖ್ಯವೇ ಎನ್ನುವವರು, ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವನ್ನು ನೋಡಬೇಕು. ಸಂಸ್ಥೆಗಳು ತಮ್ಮ ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕೆಂದು ಅದರಲ್ಲಿ ಹೇಳಲಾಗಿದೆ. ಈ ಸಲ ಗಡಿಯಾರ ಸರಿಯಾಗಿಯೇ ಇತ್ತು.

ಮುಂದಿನ ಅನುಮಾನ ವಿಳಾಸದ್ದು. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಅವು ಸಾಲುವುದಿಲ್ಲವೆಂದು ಕೆಲವು ಸರಣಿಗಳನ್ನು ಮನೆ, ಕಚೇರಿಗಳ ಒಳಗಿನ ಬಳಕೆಗೇ ಮೀಸಲಿಡುವ ಕ್ರಮ 1996ರ ಹೊತ್ತಿಗೆ ಬಂತು. ಹಾಗಾಗಿ ನಮ್ಮ ಮನೆಯ ಕಂಪ್ಯೂಟರಿಗೂ ಕಚೇರಿಯ ಕಂಪ್ಯೂಟರಿಗೂ ಒಂದೇ ವಿಳಾಸವಿರುವುದು ಸಾಧ್ಯ. ಚಾಮರಾಜಪೇಟೆಯಲ್ಲೂ ಮೊದಲನೇ ಮುಖ್ಯರಸ್ತೆ, ಮಲ್ಲೇಶ್ವರದಲ್ಲೂ ಮೊದಲನೇ ಮುಖ್ಯರಸ್ತೆ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡಾವಣೆಯ ಹೆಸರು ಬಿಟ್ಟು ಬರೆದ ಕಾಗದ ಹತ್ತಿರದ ಮೊದಲನೇ ಮುಖ್ಯರಸ್ತೆಗೇ ಹೋಗುತ್ತದೆ. ಕಚೇರಿಗೆ ಹೋಗಬೇಕಾದದ್ದು ಮನೆಯೊಳಗೇ ಸುತ್ತುತ್ತದೆ. ಪರೀಕ್ಷಿಸಿ ನೋಡಿದಾಗ ನಮ್ಮ ಮನೆಯ ಸರಣಿ ಬೇರೆ, ಕಚೇರಿಯದು ಬೇರೆ. ಅದೂ ಅಲ್ಲ.

ಲ್ಯಾಪ್‌ಟಾಪೇ ಕೆಟ್ಟಿದೆಯೇ ಎಂದು ನೋಡಲು, ಭಾನುವಾರ ಅದನ್ನು ಹೆಗಲಿಗೆ ಹಾಕಿಕೊಂಡು ಮಲ್ಲೇಶ್ವರದ ಸಹೋದ್ಯೋಗಿಯ ಮನೆಗೆ ಹೋದಳು. ಚಿಕ್ಕಪೇಟೆ ನಿಲ್ದಾಣದಿಂದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಗೆ ಮೆಟ್ರೋದಲ್ಲಿ ಎರಡನೆಯ ನಿಲ್ದಾಣ. ಅಲ್ಲಿ ಎಲ್ಲವೂ ಸರಾಗವಾಗಿ ತೆರೆಯಿತು. ಮನೆಗೆ ಬಂದು ಹಚ್ಚಿದರೆ ಮತ್ತದೇ ಹಾಡು. ಹಾಗಾದರೆ ಬ್ರಾಡ್‌ಬ್ಯಾಂಡಿನದೇ ತಪ್ಪಿರಬೇಕೆಂದು ಮೊಬೈಲ್ ಸಂಪರ್ಕದಿಂದ ಪ್ರಯತ್ನಿಸಿದಳು. ನಮ್ಮ ಮನೆಯ ಗೋಡೆಗಳು ಒಂದೂವರೆ ಅಡಿ ದಪ್ಪ, ಸಿಗ್ನಲ್ಲಿಗಾಗಿ ತಾರಸಿಗೆ ಹೋಗಬೇಕು. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ, ಬೇರೊಂದು ಕಂಪನಿಯ ಸಂಪರ್ಕದಲ್ಲೂ ಅದೇ ಫಲಿತಾಂಶ. ಲ್ಯಾಪ್‌ಟಾಪ್ ಸರಿ. ಎರಡು ಬೇರೆ ಬೇರೆ ದಾರಿಗಳಲ್ಲಿ ಒಂದೇ ತೊಂದರೆ. ಆದರೆ ಮಲ್ಲೇಶ್ವರಕ್ಕೆ ಮಾತ್ರ ಕಚೇರಿಯ ಬಾಗಿಲು ತೆರೆದಿದೆ! ಹೆಲ್ಪ್‌ಡೆಸ್ಕಿನವರ ವಾದಕ್ಕೆ ಇದು ಬಲ ಕೊಟ್ಟಿತು: ‘ಬೇರೆ ಯಾರಿಗೂ ಸಮಸ್ಯೆಯಿಲ್ಲವಲ್ಲ, ತೊಂದರೆ ನಿಮ್ಮ ಕಡೆಯದೇ.’

ದಾರಿ ತೋರಿಸಿದ್ದು ನೋಟ್ ಪುಸ್ತಕ. ಐದು ದಿನಗಳ ಬರವಣಿಗೆಯನ್ನು ಒಟ್ಟಿಗೆ ಓದಿದಾಗ ಒಂದು ಅಂಶ ಎದ್ದು ಕಂಡಿತು. ವಿಪಿಎನ್ ಪ್ರತಿದಿನವೂ ಸೇರುತ್ತಿತ್ತು. ಎರಡು ಸಾಲಿನ ಸಂದೇಶ ಬರುತ್ತಿತ್ತು, ಲಗತ್ತು ಇರುವ ಪತ್ರ ಬರುತ್ತಿರಲಿಲ್ಲ. ಹೆಸರು ತುಂಬುವ ಪುಟ ತೆರೆಯುತ್ತಿತ್ತು, ಅದರ ಮುಂದಿನ ಲೆಕ್ಕದ ಪುಟ ಅರ್ಧಕ್ಕೇ ನಿಲ್ಲುತ್ತಿತ್ತು. ಚಿಕ್ಕದು ದಾಟುತ್ತದೆ, ದೊಡ್ಡದು ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ಸೂತ್ರ ಸಿಕ್ಕ ಮೇಲೆ ಮುಂದಿನದನ್ನು ಅವಳೇ ಓದಿ ತಿಳಿದುಕೊಂಡಳು. ನಂತರ ನನಗೂ ತಿಳಿಸಿಕೊಟ್ಟಳು.

ಅಂತರಜಾಲದಲ್ಲಿ ಸರಕು ಇಡಿಯಾಗಿ ಹೋಗುವುದಿಲ್ಲ, ಪೊಟ್ಟಣಗಳಾಗಿ ಹೋಗುತ್ತದೆ. ಒಂದು ಪೊಟ್ಟಣದ ಗಾತ್ರ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್. ಕೆಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ, ಗಿರಾಕಿಯ ಗುರುತಿನ ವ್ಯವಸ್ಥೆಗೆಂದು ಎಂಟು ಬೈಟ್ ಖರ್ಚಾಗಿ 1492 ಉಳಿಯುತ್ತದೆ. ಮೊಬೈಲ್ ಜಾಲದಲ್ಲಿ ಇನ್ನೂ ಕಡಿಮೆಯಾಗುವುದುಂಟು. ನಮ್ಮ ಮನೆಯ ತಂತಿ ಈ ಬಗೆಯದು, ಮಲ್ಲೇಶ್ವರದ್ದು ಪೂರ್ಣ 1500 ಸಾಗಿಸುವಂಥದು. ವಿಪಿಎನ್ ಪ್ರತಿ ಪೊಟ್ಟಣಕ್ಕೂ ತನ್ನ ಮುದ್ರೆಯನ್ನೂ ಹೊರ ಲಕೋಟೆಯನ್ನೂ ಸೇರಿಸುತ್ತದೆಂದು ಆಗಲೇ ಹೇಳಿದೆನಲ್ಲ, ಅದರಿಂದ ಪೊಟ್ಟಣ ಉಬ್ಬುತ್ತದೆ. ಇದು ಬಳೇಪೇಟೆಯವರಿಗೆ ಅನುಭವದ ಮಾತು. ಗಾಜಿನ ಬಳೆಯ ಡಬ್ಬಿಗಳನ್ನು ಹಾಗೆಯೇ ಜೋಡಿಸಿದರೆ ಕೈಗಾಡಿ ನಮ್ಮ ಓಣಿಯಲ್ಲಿ ನುಗ್ಗುತ್ತದೆ. ಒಡೆಯಬಾರದೆಂದು ಹುಲ್ಲು ತುಂಬಿ, ಮೇಲೊಂದು ಮರದ ಪೆಟ್ಟಿಗೆ ಹೊದಿಸಿದರೆ ಅದೇ ಗಾಡಿ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸರಕು ಹೆಚ್ಚಾಗಿಲ್ಲ, ರಕ್ಷಣೆಯ ಹೊದಿಕೆ ಹೆಚ್ಚಾಗಿದೆ.

ಹಾಗೆ ಸಿಕ್ಕಿಕೊಂಡಾಗ ಏನಾಗಬೇಕು? ತಿರುವಿನಲ್ಲಿರುವ ಯಂತ್ರ, ‘ಪೊಟ್ಟಣ ದೊಡ್ಡದಾಯಿತು, ಇಷ್ಟು ಅಳತೆಗೆ ಇಳಿಸಿ ಕಳುಹಿಸಿ’ ಎಂದು ಕಳುಹಿಸಿದವರಿಗೆ ಒಂದು ಚೀಟಿ ಬರೆಯಬೇಕು. ಈ ವ್ಯವಸ್ಥೆ ಅಂತರಜಾಲದಲ್ಲಿ ಬಹಳ ಕಾಲದಿಂದಲೂ ಇದೆ. ಆದರೆ ಇಂಥ ಚೀಟಿಗಳು ಸೇರಿರುವ ಸಂದೇಶ ವರ್ಗವನ್ನು ದುರುಪಯೋಗ ಮಾಡಿಕೊಳ್ಳುವವರೂ ಇರುವುದರಿಂದ, ಸುರಕ್ಷತೆಯ ಹೆಸರಿನಲ್ಲಿ ಕೆಲವು ಸಂಸ್ಥೆಗಳು ತಮ್ಮ ಫೈರ್‌ವಾಲಿನಲ್ಲಿ ಅದನ್ನು ಸಾರಾಸಗಟಾಗಿ ತಡೆದುಬಿಡುತ್ತವೆ. ಕಚೇರಿ ದೊಡ್ಡ ಪೊಟ್ಟಣ ಕಳುಹಿಸುತ್ತದೆ. ಅದು ದಾರಿಯಲ್ಲಿ ಬೀಳುತ್ತದೆ. ಬಿದ್ದಿತೆಂಬ ಚೀಟಿ ಕಚೇರಿಯ ಬಾಗಿಲಿಗೇ ಬಂದು ಒಳಗೆ ಬಿಡದೆ ಹಿಂದಿರುಗುತ್ತದೆ. ಕಚೇರಿ ಮತ್ತೆ ಅದೇ ಗಾತ್ರದ ಪೊಟ್ಟಣ ಕಳುಹಿಸುತ್ತದೆ. ಆಕ್ಷೇಪಣೆ ಬರೆದು ವಾಪಸು ಕಳುಹಿಸಿದ ಕಡತಕ್ಕೆ ಉತ್ತರ ಬರೆಯಬಹುದು. ಷರಾ ಇಲ್ಲದೆ ಕಪಾಟು ಸೇರಿದ ಕಡತದಿಂದ ಎಷ್ಟು ಜನರ ಪಿಂಚಣಿ ನಿಂತಿದೆಯೆಂಬುದನ್ನು ಬಲ್ಲ ನನಗೆ ಇದು ಬೇಗ ಅರ್ಥವಾಯಿತು.

ಅವಳು ಅಳೆದು ನೋಡಿದಳು. ನಮ್ಮ ತಂತಿಯಲ್ಲಿ 1464 ಬೈಟಿನ ಪರೀಕ್ಷಾ ಪೊಟ್ಟಣ ಹೋಯಿತು, 1465ರದು ಹೋಗಲಿಲ್ಲ. ಪ್ರತಿ ಪೊಟ್ಟಣದ ಮೇಲಿನ ವಿಳಾಸ ಚೀಟಿ 28 ಬೈಟ್. ಕೂಡಿದರೆ ಸರಿಯಾಗಿ 1492. ಆ ಲೆಕ್ಕ ತಾಳೆಯಾದಾಗ ಆದ ಸಂತೋಷವನ್ನು ಖಜಾನೆಯವರೇ ಬಲ್ಲರು. ನೋಟ್ ಪುಸ್ತಕದ ಪುಟಗಳ ಚಿತ್ರ ಸಮೇತ ಅವಳು ಬರೆದ ಪತ್ರ ಹೆಲ್ಪ್‌ಡೆಸ್ಕನ್ನು ದಾಟಿ ಕಚೇರಿಯ ಜಾಲ ನಿರ್ವಹಿಸುವ ಎಂಜಿನಿಯರನ್ನು ತಲುಪಿತು. ಅವರ ಉತ್ತರ ಎರಡೇ ಸಾಲು. ತೊಂದರೆ ಆರಂಭವಾದ ವಾರವೇ ಹೆಬ್ಬಾಗಿಲಿನ ಯಂತ್ರವನ್ನು ಬದಲಿಸಲಾಗಿತ್ತು. ಹಳೆಯ ಯಂತ್ರದಲ್ಲಿ ಪೊಟ್ಟಣದ ಅಳತೆಯನ್ನು ಕಡಿಮೆ ಇಟ್ಟಿದ್ದು ಹೊಸದಕ್ಕೆ ದಾಟಿರಲಿಲ್ಲ. ಸರಿಪಡಿಸಲು ಬೇಕಾದದ್ದು ಒಂದು ಅಂಕಿಯ ಬದಲಾವಣೆ. ಹನ್ನೊಂದನೆಯ ದಿನ ಮಧ್ಯಾಹ್ನ ಲೆಕ್ಕದ ಪುಟ ತೆರೆಯಿತು.

ಯಾರನ್ನೂ ದೂರುವ ಕಥೆ ಇದಲ್ಲ. ಯಂತ್ರ ಬದಲಿಸುವಾಗ ಒಂದು ಅಂಕಿ ತಪ್ಪಿಹೋಗುವುದು ಮನುಷ್ಯ ಸಹಜ. ನನ್ನ ಪ್ರಶ್ನೆ ಆ ಮೂರು ಅರ್ಧ ದಿನಗಳದು.

1936ರ ವೇತನ ಪಾವತಿ ಕಾಯ್ದೆಯ 9ನೆಯ ಕಲಮು ಗೈರುಹಾಜರಿಗೆ ಸಂಬಳ ಕಡಿತ ಮಾಡಲು ಅವಕಾಶ ಕೊಟ್ಟಿತ್ತು. ಆದರೆ ಯಾವಾಗ? ನೌಕರಿಯ ಷರತ್ತಿನ ಪ್ರಕಾರ ಎಲ್ಲಿ ಕೆಲಸ ಮಾಡಬೇಕೋ ಆ ಸ್ಥಳದಲ್ಲಿ ನೌಕರ ಇಲ್ಲದಿದ್ದಾಗ. ಸ್ಥಳದಲ್ಲಿದ್ದೂ ಗೈರುಹಾಜರೆಂದು ಎಣಿಸಬೇಕಾದರೆ, ಅವನು ಮುಷ್ಕರದಿಂದಲೋ ಸಮಂಜಸವಲ್ಲದ ಬೇರೆ ಕಾರಣದಿಂದಲೋ ಕೆಲಸ ಮಾಡಲು ನಿರಾಕರಿಸಿರಬೇಕು. ಆ ಕಾಯ್ದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರಲ್ಲೂ ‘ಕೆಲಸ ಮಾಡಬೇಕಾದ ಸ್ಥಳ’ ಎಂಬ ಈ ಕಲ್ಪನೆ ಹಾಗೆಯೇ ಮುಂದುವರಿದಿದೆ. ಗಿರಣಿಯ ಗೇಟನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಮಾತು ಅದು. ಗೇಟಿನ ಒಳಗಿದ್ದರೆ ಹಾಜರು, ಹೊರಗಿದ್ದರೆ ಗೈರು. ಊಟದ ಮೇಜಿನ ಮುಂದೆ ಎಂಟು ಐವತ್ತರಿಂದ ಕುಳಿತ, ಕೆಲಸ ಮಾಡಲು ಸಿದ್ಧಳಾದ, ಆದರೆ ಕಚೇರಿಯದೇ ಯಂತ್ರದ ಅಳತೆ ತಪ್ಪಿದ್ದರಿಂದ ಪುಟ ತೆರೆಯದವಳು ಎಲ್ಲಿದ್ದಾಳೆ? ಅವಳಿಗೆ ನಿಗದಿಯಾದ ಸ್ಥಳ ಮನೆಯಾದರೆ ಹಾಜರಿದ್ದಾಳೆ. ಕಚೇರಿಯ ತಂತ್ರಾಂಶದ ಒಳಗೆಂದಾದರೆ, ಬಾಗಿಲ ಬೀಗದ ಕೈ ಯಾರ ಹತ್ತಿರ ಇತ್ತೆಂಬುದನ್ನೂ ಕೇಳಬೇಕಾಗುತ್ತದೆ.

ಸರ್ಕಾರ ಈ ಬದಲಾವಣೆಯ ಒಂದು ಮುಖವನ್ನು ಚುರುಕಾಗಿಯೇ ಗಮನಿಸಿತು. 2020ರ ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆ, ಕಾಲ್ ಸೆಂಟರಿನಂಥ ಸಂಸ್ಥೆಗಳು ಮನೆಯಿಂದ ಕೆಲಸ ಮಾಡಿಸಲು ಇದ್ದ ಭದ್ರತಾ ಠೇವಣಿ ಮುಂತಾದ ಷರತ್ತುಗಳನ್ನು ಸಡಿಲಿಸಿತು. ಅದೇ ವರ್ಷ ನವೆಂಬರ್ 5ರ ಮಾರ್ಗಸೂಚಿಗಳಲ್ಲೂ 2021ರ ಜೂನ್ 23ರ ಪರಿಷ್ಕರಣೆಯಲ್ಲೂ ಈ ಉದಾರತೆ ಇನ್ನಷ್ಟು ವಿಸ್ತಾರವಾಯಿತು. ಕಂಪನಿಗಳಿಗೆ ಇದರಿಂದಾದ ಲಾಭ ಸ್ಪಷ್ಟ: ಬಾಡಿಗೆ, ವಿದ್ಯುತ್ತು, ಸಾರಿಗೆ, ಕಾಫಿ. ಅರ್ಥಶಾಸ್ತ್ರದಲ್ಲಿ ಇದಕ್ಕೆ ವೆಚ್ಚದ ವರ್ಗಾವಣೆ ಎನ್ನುತ್ತಾರೆ. ನೌಕರರೂ ಇದನ್ನು ಸಂತೋಷದಿಂದಲೇ ಒಪ್ಪಿಕೊಂಡರು, ಏಕೆಂದರೆ ಪ್ರಯಾಣದ ಹೊತ್ತು ಅವರಿಗೆ ಉಳಿಯಿತು. ಆದರೆ ವೆಚ್ಚದ ಜೊತೆ ಅಪಾಯವೂ ಸದ್ದಿಲ್ಲದೆ ವರ್ಗಾವಣೆಯಾದದ್ದು ಒಪ್ಪಂದದ ಯಾವ ಪುಟದಲ್ಲೂ ಕಾಣುವುದಿಲ್ಲ. ಹೊಸ ಬಡಾವಣೆಯಲ್ಲಿ ಎರಡೆರಡು ಸಂಪರ್ಕ, ಇನ್ವರ್ಟರು ಇಟ್ಟುಕೊಂಡವರಿಗೆ ಈ ಅಪಾಯ ತಟ್ಟುವುದು ಕಡಿಮೆ. ಒಂದೇ ತಂತಿ, ದಪ್ಪ ಗೋಡೆಯ ಪೇಟೆಯ ಮನೆಗಳಿಗೆ ಹೆಚ್ಚು.

ಕಂಪನಿಗಳು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಕಚೇರಿಯ ಹೆಬ್ಬಾಗಿಲಿನ ಯಂತ್ರದಲ್ಲಿ ಯಾರು ಎಷ್ಟು ಗಂಟೆಗೆ ಬಾಗಿಲು ತಟ್ಟಿದರು, ಎಷ್ಟು ಹೊತ್ತು ಇದ್ದರು ಎಂಬ ದಾಖಲೆ ಇರುತ್ತದೆ. ನಮ್ಮ ಹುಡುಗಿಯ ಕಚೇರಿಯಲ್ಲಿ ಹಾಜರಿ ಬೀಳುತ್ತಿದ್ದದ್ದು ಅಲ್ಲಲ್ಲ, ಲೆಕ್ಕದ ಪುಟ ತೆರೆದಾಗ. ಹೀಗಾಗಿ ಒಂದೇ ಸಂಸ್ಥೆಯ ಒಂದು ಪುಸ್ತಕ ಅವಳನ್ನು ಗೈರುಹಾಜರೆಂದಿತು, ಇನ್ನೊಂದು ಪುಸ್ತಕ ಎಂಟು ಐವತ್ತೆರಡಕ್ಕೆ ಬಂದಳೆಂದಿತು. ಎರಡನ್ನೂ ತಾಳೆ ನೋಡುವ ಕೆಲಸ ಯಾರಿಗೂ ಒಪ್ಪಿಸಿರಲಿಲ್ಲ. ಸಂಬಳ ಕಡಿಯಲು ದಾಖಲೆಯನ್ನು ಬಳಸುವ ಸಂಸ್ಥೆ, ಆ ದಾಖಲೆಯಲ್ಲಿ ತನ್ನ ಹೆಸರಿನ ಸಾಲನ್ನು ನೋಡುವ ಹಕ್ಕನ್ನು ನೌಕರನಿಗೆ ಕೊಡಬೇಕೆನ್ನುವುದು ದೊಡ್ಡ ಬೇಡಿಕೆಯಲ್ಲ. ಸರ್ಕಾರಿ ಕಚೇರಿಯ ಹಾಜರಿ ಪುಸ್ತಕ ಹಳೆಯ ಕಾಲದ್ದಾದರೂ ಎಲ್ಲರ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆಯೇ ಇರುತ್ತಿತ್ತು.

ಕರ್ನಾಟಕ ಸರ್ಕಾರ 2014ರಿಂದ ಹಲವು ಬಾರಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗ, ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂಬ ಷರತ್ತನ್ನು ವಿಧಿಸಿತ್ತು. ಅಂಥದೊಂದು ಸಮಿತಿ ತನ್ನ ಕಚೇರಿಯಲ್ಲೂ ಇದೆಯೆಂದು ಅವಳಿಗೆ ತಿಳಿದದ್ದು ಈ ಪ್ರಸಂಗದಲ್ಲೇ. ಹೆಬ್ಬಾಗಿಲಿನ ಯಂತ್ರದ ದಾಖಲೆ ಕೊಡಿಸಬೇಕೆಂದು ಅದಕ್ಕೆ ಒಂದು ಪುಟದ ಅರ್ಜಿ ಬರೆದಳು. ಕರಡು ತಿದ್ದಿದವನು ನಾನು. ‘ಮಾನ್ಯರೇ’ ಎಂಬುದನ್ನು ಅವಳು ತೆಗೆದುಹಾಕಿದಳು.

ಮೂರು ವಾರಗಳ ನಂತರ ಉತ್ತರ ಬಂತು. ಎರಡು ಅರ್ಧ ದಿನಗಳ ಸಂಬಳವನ್ನು ಮರಳಿಸಿದ್ದಾರೆ. ಎಚ್ಚರಿಕೆಯ ಸಾಲನ್ನು ಹಿಂತೆಗೆದುಕೊಂಡಿದ್ದಾರೆ. ಮೂರನೆಯ ದಿನದ್ದನ್ನು ಒಪ್ಪಿಲ್ಲ, ಆ ಬೆಳಿಗ್ಗೆ ಹೆಬ್ಬಾಗಿಲಿನ ದಾಖಲೆಯಲ್ಲಿ ಅವಳ ಹೆಸರೇ ಇಲ್ಲ. ನೋಟ್ ಪುಸ್ತಕ ತೆಗೆದು ನೋಡಿದೆವು. ಅವಳ ಕೈಬರಹದಲ್ಲೇ ಇತ್ತು: ‘9.00 ರಿಂದ 12.40, ಕರೆಂಟ್ ಇಲ್ಲ.’

‘ಇದನ್ನ ಯಾರಿಗೆ ಬರೀಲಿ ದೊಡ್ಡಪ್ಪ?’ ಎಂದಳು. ನಾನು ಇನ್ನೂ ಉತ್ತರ ಕೊಟ್ಟಿಲ್ಲ.